ಪಾರ್ಕಿನ್ಸನ್ಸ್ ವಾಚು: ಗ್ರಾಫಿಗೆ ಫುಲ್ ಮಾರ್ಕ್ಸ್, ಅಲರ್ಟಿಗೆ ಸೊನ್ನೆ

ಅಪ್ಪಂಗೆ ಪಾರ್ಕಿನ್ಸನ್ಸ್, ಮೈ ನಡುಗಿ ಓಡಾಟ ನಿಧಾನ ಆಗೋ ಮೆದುಳಿನ ಕಾಯಿಲೆ. ಡಾಕ್ಟರ್ ಎದುರಿಗೆ ಮಾತ್ರ ಟಕಟಕ ಅಂತ ನಡೆದು ತೋರಿಸ್ತಾರೆ, ಕಾಯಿಲೆ ಆಟ ಏನಿದ್ರೂ ಮನೇಲೇ. ಅದಕ್ಕೇ ಈ ಮಾನಿಟರಿಂಗ್ ವಾಚು, ಅದರ ಆ್ಯಪು, ಸಬ್‌ಸ್ಕ್ರಿಪ್ಷನ್ ಎಲ್ಲಾ ತಗೊಂಡ್ವಿ. ಕಂಪನಿ ಹೆಸರು ಬೇಡ ಬಿಡಿ.

ಸುಮ್ನೆ ಕೂತಾಗ ಬರೋ ನಡುಕ ಸೆಕೆಂಡಿಗೆ 4ರಿಂದ 6 ಸಲ ಇರತ್ತಲ್ಲ ಅದನ್ನ, ಕೈ ನಿಧಾನ ಆಗೋದನ್ನ, ಮಾತ್ರೆ ಎಫೆಕ್ಟ್‌ನಿಂದ ಮೈ ತಾನಾಗೇ ಹೊಯ್ದಾಡೋದನ್ನ ಬೇರೆ ಬೇರೆ ಮಾಡಿ ತೋರಿಸುತ್ತೆ. ಪಾರ್ಕಿನ್ಸನ್ಸ್ ಮಾತ್ರೆ ಲೆವೊಡೋಪಾ ನುಂಗಿದಾಗೆಲ್ಲ ವಾಚಲ್ಲಿ ಬಟನ್ ಒತ್ಬೇಕು, ಗ್ರಾಫಲ್ಲಿ ಅಲ್ಲೊಂದು ಗೆರೆ ಬೀಳುತ್ತೆ. ಆ ಗೆರೆಗಳನ್ನ ನೋಡಿದ್ಮೇಲೇ ಗೊತ್ತಾಗಿದ್ದು, ಮುಂದಿನ ಮಾತ್ರೆ ಟೈಮ್ ಬರೋ ಮುಂಚೇನೇ ಹಿಂದಿನದರ ಪವರ್ ಮುಗಿದಿರುತ್ತೆ ಅಂತ, ಮಧ್ಯಾಹ್ನದ ಮಾತ್ರೆ ಅಂತೂ ಪ್ರೋಟೀನ್ ಜಾಸ್ತಿ ಇರೋ ಊಟದ ಜೊತೆ ಹೋದ್ರೆ ಹತ್ತೋದೇ ಇಲ್ಲ. ಡಾಕ್ಟರ್ ಇದನ್ನ ನೋಡಿ ಡೋಸ್ ಏರಿಸ್ಲಿಲ್ಲ, ಅಷ್ಟನ್ನೇ ಒಡೆದು ಗ್ಯಾಪ್ ಕಮ್ಮಿ ಮಾಡಿದ್ರು. ಬೆಳಗ್ಗೆ ಶರ್ಟ್ ಗುಂಡಿ ಈಗ ಅಪ್ಪನೇ ಹಾಕ್ಕೋತಾರೆ. ಇದೊಂದಕ್ಕೇ ದುಡ್ಡು ವಸೂಲ್ ಅಂತೀನಿ ನಾನು.

ಆದ್ರೆ ಹಲ್ಲುಜ್ಜಿದ್ರೂ ನಡುಕ ಅಂತ ಬರ್ಕೊಳ್ಳುತ್ತೆ. ಬಾಗಿಲ ಹತ್ರ ಕಾಲು ನೆಲಕ್ಕೆ ಅಂಟ್ಕೊಂಡ ಹಾಗೆ ನಿಂತುಬಿಡ್ತಾರಲ್ಲ, ಫ್ರೀಜಿಂಗು, ಅದು ನಮ್ಮ ವಾಚಿಗೆ ಕಾಣ್ಸೋದೇ ಇಲ್ಲ, ಕಟ್ಟಿರೋದು ಕೈಗೆ ತಾನೆ. ಇನ್ನು ಆ ಬಟನ್ನು ಅಕ್ಕಿಕಾಳಿನಷ್ಟಿದೆ, ನಡುಗೋ ಕೈಯವರಿಗೆ ಅಂತ್ಲೇ ಮಾಡಿದ ವಾಚು ಸ್ವಾಮಿ ಇದು!

ದೊಡ್ಡ ತಕರಾರು ಬೇರೆ ಇದೆ. ಡಬ್ಬಿ ಮೇಲೆ 24 ಗಂಟೆ ಮಾನಿಟರಿಂಗ್ ಅಂತ ದಪ್ಪ ಅಕ್ಷರದಲ್ಲಿ ಹಾಕಿದಾರೆ. ಅಪ್ಪ ರಾತ್ರಿ ಬಾತ್‌ರೂಮಿಗೆ ಹೋಗ್ವಾಗ ಬಿದ್ರು, ಯಾರಿಗೂ ಒಂದು ಮೆಸೇಜ್ ಬರ್ಲಿಲ್ಲ, ಬೆಳಗ್ಗೆ ರಿಪೋರ್ಟಲ್ಲಿ "ಚಟುವಟಿಕೆ ಕಡಿಮೆ" ಅಂತ ಇತ್ತು ಅಷ್ಟೇ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೂಗಾಡಿದ್ಮೇಲೆ, ವಾಚು 24 ಗಂಟೆ ರೆಕಾರ್ಡ್ ಮಾಡುತ್ತೆ ಸಾರ್, ನಮ್ಮ ಟೀಮ್ ನೋಡೋದು ಆಫೀಸ್ ಟೈಮಲ್ಲಿ ಮಾತ್ರ, ಟರ್ಮ್ಸಲ್ಲಿ ಇದೆಯಲ್ಲ ಅಂದ್ರು. ತಗೊಳ್ಳೋ ಮುಂಚೆ ರಾತ್ರಿ ಯಾರು ನೋಡ್ತಾರೆ ಅಂತ ಕೇಳಿ, ಉತ್ತರಾನ ಬರವಣಿಗೇಲೇ ತಗೊಳ್ಳಿ.

ಎಎಲ್‌ಎಸ್ (ನರ ಸೋತು ಸ್ನಾಯುಗಳ ಶಕ್ತಿ ಕುಂದುತ್ತಾ ಹೋಗೋ ಕಾಯಿಲೆ) ಇರೋರ ಮನೆಯವರು ಇದನ್ನ ತಗೋಬೇಡಿ, ಅಲ್ಲಿ ಮುಖ್ಯವಾಗಿ ನೋಡ್ಬೇಕಿರೋದು ಉಸಿರಾಟದ ಶಕ್ತಿ, ಬೆರಳಿಗೆ ಹಾಕೋ ಆಕ್ಸಿಮೀಟರ್ ಕೂಡ ತುಂಬಾ ತಡವಾಗೋವರೆಗೂ ನಾರ್ಮಲ್ ತೋರಿಸ್ಬಹುದು, ಉಸಿರಿನ ಶಕ್ತಿ ಅಳೆಯೋಕೆ ಮನೇಲಿ ಊದೋ ಸ್ಪೈರೋಮೀಟರ್ ಬಗ್ಗೆ ಡಾಕ್ಟರನ್ನ ಕೇಳಿ.

ಐದಕ್ಕೆ ಮೂರು ಸ್ಟಾರ್. ಗ್ರಾಫಿಗೋಸ್ಕರ ಸಬ್‌ಸ್ಕ್ರಿಪ್ಷನ್ ಮುಂದುವರಿಸಿದೀವಿ, ರಾತ್ರಿಗೆ ಅಪ್ಪನ ಮಂಚದ ಪಕ್ಕ ಒಂದು ವೈರ್‌ಲೆಸ್ ಕಾಲಿಂಗ್ ಬೆಲ್ ಇಟ್ಟಿದೀವಿ, ಅದರ ಬಟನ್ ಅಂಗೈಯಗಲ ಇದೆ.