ಮಡಿಕೇರಿ ಹತ್ತಿರದ ಹೋಂಸ್ಟೇಯ ಕಪ್ಪೆ ನಡಿಗೆ: ಐದಕ್ಕೆ ನಾಲ್ಕು

ಕಪ್ಪೆ ನೋಡೋಕೆ ದುಡ್ಡು ಕೊಡ್ತೀರಾ ಅಂತ ಮನೆಯಲ್ಲಿ ನಕ್ಕರು. ಕೊಡಬಹುದು ಕಣ್ರೀ. ತಲೆಗೆ 600 ರೂಪಾಯಿ, ಊಟ ಬೇರೆ. ನನ್ನ ಲೆಕ್ಕದಲ್ಲಿ ಅದರಲ್ಲಿ 400 ನಡಿಗೆಗೆ ಮೊದಲು ಜಗಲಿಯಲ್ಲಿ ನಡೆಯುವ ಮಾತಿಗೇ ಸಲ್ಲಬೇಕು.

ತೋಟದ ಯಜಮಾನರೇ ಮಾತಾಡುತ್ತಾರೆ. ಬೆಲ್ಲದ ಕಾಫಿ ಕೊಟ್ಟು, ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸುತ್ತಾರೆ. ನನ್ನ ತಂಗಿ ಮಗ, "ಅಂಕಲ್, ಇಲ್ಲಿ ಸಲಮಾಂಡರ್ ಸಿಗುತ್ತಾ?" ಅಂದ. ಸಲಮಾಂಡರ್ ಅಂದರೆ ನೋಡೋಕೆ ಹಲ್ಲಿ ಹಾಗಿರುವ, ಬಾಲ ಇರುವ ಕಪ್ಪೆಯ ನೆಂಟ. "ಇಲ್ಲ ಮಗಾ, ನಮ್ಮ ಘಟ್ಟದಲ್ಲಿ ಇಲ್ಲ. ಡಾರ್ಜಿಲಿಂಗ್ ಕಡೆ ಹೋಗಬೇಕು" ಅಂದವರು, ಅಲ್ಲಿಂದ ಮಾತಲ್ಲೇ ನೇರ ಯುರೋಪಿನ ಸ್ಲೊವೇನಿಯಾದ ಪೋಸ್ಟೊಯ್ನಾ ಗುಹೆಗೆ ಕರೆದುಕೊಂಡು ಹೋದರು.

ಅಲ್ಲಿ ಓಲ್ಮ್ ಅಂತ ಒಂದು ಪ್ರಾಣಿ. ಕತ್ತಲ ನೀರಲ್ಲೇ ಹುಟ್ಟಿ, ಅಲ್ಲೇ ಸಾಯುವ ಸಲಮಾಂಡರ್. ಬೆಳೆದ ಓಲ್ಮ್‌ನ ಕಣ್ಣು ಚರ್ಮದ ಕೆಳಗೆ ಮುಚ್ಚಿಹೋಗಿರುತ್ತದೆ. ಮರಿಯಾಗಿದ್ದಾಗಿನ, ಕತ್ತಿನ ಪಕ್ಕದ ಕೆಂಪು ಕಿವಿರು ಸಾಯೋವರೆಗೂ ಹಾಗೇ ಇರುತ್ತದೆ. ನೋಡೋಕೆ ಮರಿ, ಆದರೂ ಮೊಟ್ಟೆ ಇಡುತ್ತೆ! ಗಂಡು ಒಂದು ಜಾಗ ಹಿಡಿದು ಕಾಯುತ್ತದೆ. ಹೆಣ್ಣು ಬಂದರೆ ಬಾಲ ಬೀಸಿ ನೀರನ್ನು ಅದರ ಕಡೆ ತಳ್ಳುತ್ತದೆ. ಆಮೇಲೆ ವೀರ್ಯದ ಸಣ್ಣ ಪೊಟ್ಟಣವೊಂದನ್ನು ತಳದಲ್ಲಿ ಇಟ್ಟು ಮುಂದೆ ಹೋಗುತ್ತದೆ. ಹಿಂದೆ ಬರುವ ಹೆಣ್ಣು ಅದನ್ನು ಮೈಯೊಳಗೆ ಎತ್ತಿಕೊಳ್ಳುತ್ತದೆ. ಮಕ್ಕಳ ಎದುರು ಇದನ್ನೆಲ್ಲ ಮುಜುಗರ ಇಲ್ಲದೆ ಹೇಳಿದ್ದು ನನಗೆ ಜಾಸ್ತಿ ಇಷ್ಟವಾಯಿತು. ಔಷಧಿ ಅಂಗಡಿ ನಡೆಸುವವನು ನಾನು, ಇಂಥ ಮಾತಿಗೆ ಜನ ಎಷ್ಟು ಪಿಸುಗುಟ್ಟುತ್ತಾರೆ ಅಂತ ದಿನಾ ನೋಡುತ್ತೇನೆ.

2016ರ ಜನವರಿ ಕೊನೆಯಲ್ಲಿ ಆ ಗುಹೆಯ ಅಕ್ವೇರಿಯಂ ಗಾಜಿಗೆ ಒಂದು ಮೊಟ್ಟೆ ಅಂಟಿತ್ತು. ಆಮೇಲೆ ಒಂದೊಂದಾಗಿ 64 ಆದವು. ಜೊತೆಗಿದ್ದ ಓಲ್ಮ್‌ಗಳನ್ನು ಬೇರೆ ಕಡೆ ಸಾಗಿಸಿದರು, ಇಲ್ಲದಿದ್ದರೆ ತಿಂದುಬಿಡುತ್ತವೆ. ತಾಯಿ ಕಾವಲು ಕೂತಿತು. ಬೆಳಕು ಬೀಳದ ಹಾಗೆ ಇನ್‌ಫ್ರಾರೆಡ್ ಕ್ಯಾಮೆರಾದಲ್ಲೇ ನೋಡಿದರು. ಮೊದಲ ಮರಿ ಹೊರಬಂದಿದ್ದು ಮೇ ಕೊನೆಗೆ. ಉಳಿದದ್ದು 21 ಮರಿ. ಓಲ್ಮ್ ಪ್ರಾಯಕ್ಕೆ ಬರೋಕೇ ಸುಮಾರು 15 ವರ್ಷ ಬೇಕು. ಮೊಟ್ಟೆ ಇಡೋದು ಸರಾಸರಿ 12 ವರ್ಷಕ್ಕೊಮ್ಮೆ. "ಓ, ನೀಲಕುರಿಂಜಿ ಲೆಕ್ಕ!" ಅಂದ ಹುಡುಗ.

ನಡಿಗೆ ಕೆರೆ ದಂಡೆಯಲ್ಲಿ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆಯ ನೊರೆಗೂಡು ಸಿಕ್ಕಿತು. ಮುಷ್ಟಿ ಗಾತ್ರ, ಸುತ್ತ ಎಲೆ ಮಡಚಿಕೊಂಡಿತ್ತು. ಹೊರಗೆ ಒಣಗಿ ಕಂದು ಬಣ್ಣ, ಕೆಳಗಡೆ ಇನ್ನೂ ಒದ್ದೆ. ಟಾರ್ಚ್ ಓರೆ ಹಿಡಿದಾಗ ಒಂದು ಗೊದಮೊಟ್ಟೆ ಅಲ್ಲಿಂದ ಜಾರಿ ನೀರಿಗೆ ಬಿತ್ತು. ಹೆಣ್ಣು ಕಪ್ಪೆ ಹಿಂಗಾಲಲ್ಲಿ ಕಡೆದು ಈ ನೊರೆ ಎಬ್ಬಿಸುತ್ತದಂತೆ. ಮುಟ್ಟೋಕೆ ಯಾರನ್ನೂ ಬಿಡಲಿಲ್ಲ, ಸರಿಯೇ. ಕೊಡಗಿನ ಹೆಸರೇ ಇರುವ, 2007ರಲ್ಲಿ ವಿಜ್ಞಾನಿಗಳು ಗುರುತಿಸಿದ ಸಿಸಿಲಿಯನ್ (ಎರೆಹುಳದ ಹಾಗೆ ಕಾಣುವ, ಕಾಲಿಲ್ಲದ ಕಪ್ಪೆಯ ನೆಂಟ) ಮಾತ್ರ ಕಾಣಲಿಲ್ಲ. ಅದರ ಬಳಗದ ತಾಯಂದಿರೂ ಒದ್ದೆ ಮಣ್ಣಲ್ಲಿ ಮೊಟ್ಟೆಗೆ ಮೈ ಸುತ್ತಿಕೊಂಡು ಕಾಯುತ್ತವೆ. ಕಂಡೇ ಕಾಣುತ್ತೆ ಅಂತ ಯಜಮಾನರೂ ಸುಮ್ನೆ ಆಸೆ ಹುಟ್ಟಿಸಿರಲಿಲ್ಲ.

ಒಂದು ಸ್ಟಾರ್ ಕಡಿಮೆ ಯಾಕೆ? ಅವರು ಕೊಡುವ ಟಾರ್ಚ್ ಅರ್ಧ ದಾರಿಗೇ ಮಂಕಾಯಿತು. ಗುಂಪೂ ದೊಡ್ಡದಾಯಿತು. ಹಿಂದಿದ್ದವರಿಗೆ ಕಂಡಿದ್ದು ಮುಂದಿನವರ ರೈನ್‌ಕೋಟು. ಫ್ಲ್ಯಾಶ್ ಬೇಡ ಅಂದರೂ ಇಬ್ಬರು ಹೊಡೆಯುತ್ತಲೇ ಇದ್ದರು, ಅವರಿಗೆ ಇನ್ನೊಂಚೂರು ಗದರಬೇಕಿತ್ತು.

ಊಟಕ್ಕೆ ಕಡಂಬುಟ್ಟು, ಕಳಲೆ ಪಲ್ಯ. ಚೆನ್ನಾಗಿತ್ತು. ಹೋಗುವವರು ಜೂನ್–ಜುಲೈನಲ್ಲಿ ಹೋಗಿ, ಮಳೆ ಜೋರಿದ್ದರೆ ಮೊದಲೇ ಫೋನ್ ಮಾಡಿ ರಸ್ತೆ ವಿಚಾರಿಸಿಕೊಳ್ಳಿ. ಗಂಬೂಟು ನಿಮ್ಮದೇ ಇರಲಿ. ಜಿಗಣೆಗೆ ಹೊಗೆಸೊಪ್ಪಿನ ಪುಡಿ ಅವರೇ ಕೊಡುತ್ತಾರೆ.