ಆಟದ ಗೇಟಿಗೊಂದು ಸೌಂಡ್‌ಬಾಕ್ಸ್: ಹವ್ಯಾಸಿ ಮಂಡಳಿಗೆ ಎಷ್ಟು ಅನುಕೂಲ?

ಬೀಡಾ ಅಂಗಡಿಯಿಂದ ಕಿರಾಣಿ ಅಂಗಡಿಯವರೆಗೆ ಎಲ್ಲ ಕಡೆ ಕೂತಿರುವ ಯುಪಿಐ ಸೌಂಡ್‌ಬಾಕ್ಸ್ ಈಗ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಆಟದ, ಅಂದರೆ ಯಕ್ಷಗಾನ ಪ್ರದರ್ಶನದ, ಗೇಟಿಗೂ ಬಂದಿದೆ. ಹವ್ಯಾಸಿ ಯಕ್ಷಗಾನ ಮಂಡಳಿಗೆ, ಸಂಗೀತ ನಾಟಕ ಆಡುವ ತಂಡಕ್ಕೆ, ಅವುಗಳ ಹಿಂದಿರುವ ಸಣ್ಣ ಟ್ರಸ್ಟಿಗೆ ಈ ಪೆಟ್ಟಿಗೆ ಹೊಂದುತ್ತದೆಯೇ ಎಂಬುದು ಇಲ್ಲಿನ ವಿಚಾರ. ಟಿಕೆಟ್ ಮಾರುವುದಕ್ಕೆ ಖಂಡಿತ ತೆಗೆದುಕೊಳ್ಳಿ. ದೇಣಿಗೆಗೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ. ಎಷ್ಟು ಬಂತು ಎಂದು ಪೆಟ್ಟಿಗೆ ಕೂಗಿ ಹೇಳುತ್ತದೆ, ಆದರೆ ಯಾರು ಕೊಟ್ಟರು, ಯಾತಕ್ಕೆ ಕೊಟ್ಟರು ಎಂದು ಹೇಳುವುದಿಲ್ಲ. ಅಂಗಡಿಗೆ ಅಷ್ಟು ಸಾಕು, ಟ್ರಸ್ಟಿನ ಲೆಕ್ಕಕ್ಕೆ ಸಾಲದು.

ಮೊದಲು ಖಾತೆ ಯಾರ ಹೆಸರಿನಲ್ಲಿ ಎಂಬುದನ್ನು ನೋಡಿ, ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಇಲ್ಲಿ. ಪೆಟ್ಟಿಗೆ ಹಚ್ಚಿಕೊಡಲು ಬರುವ ಏಜೆಂಟ್ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಬೇಕೆಂದು ಖಜಾಂಚಿಯ ಆಧಾರ್, ಪ್ಯಾನ್, ಉಳಿತಾಯ ಖಾತೆ ಕೇಳುತ್ತಾನೆ. ಕೊಟ್ಟರೆ ಪೆಟ್ಟಿಗೆ ಅಂದೇ ಚಾಲೂ. ಆದರೆ ಮಂಡಳಿಯ ದುಡ್ಡೆಲ್ಲ ದಾಖಲೆಯಲ್ಲಿ ಖಜಾಂಚಿಯ ಸ್ವಂತ ಜಮೆಯಾಗುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿಯೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಊರಿನ ಕೆಲಸಕ್ಕೆಂದು ಹೆಗಲು ಕೊಟ್ಟವರನ್ನು ಅಂಥ ತಾಪತ್ರಯಕ್ಕೆ ನೂಕಬಾರದು. ಟ್ರಸ್ಟಿನ ಪ್ಯಾನ್, ನೋಂದಣಿ ಪತ್ರ, ಟ್ರಸ್ಟ್ ಡೀಡ್ ಅಥವಾ ಬೈಲಾ, ಖಾತೆ ನಡೆಸುವ ಅಧಿಕಾರ ಯಾರಿಗೆ ಎಂಬ ಠರಾವಿನ ಪ್ರತಿ, ಸಹಿ ಮಾಡುವವರ ಗುರುತಿನ ದಾಖಲೆ ಇಷ್ಟನ್ನೂ ಒಂದು ಫೈಲಿನಲ್ಲಿಟ್ಟು ಬ್ಯಾಂಕಿಗೇ ಹೋಗಿ. ಒಂದೆರಡು ವಾರ ಹಿಡಿದರೂ ಚಿಂತೆಯಿಲ್ಲ. ಆಟಕ್ಕೆ ಒಂದು ತಿಂಗಳು ಮೊದಲೇ ಅರ್ಜಿ ಕೊಟ್ಟಿರಿ.

ಪೆಟ್ಟಿಗೆಯನ್ನು ಬ್ಯಾಂಕುಗಳೂ ಕೊಡುತ್ತವೆ, ಪಾವತಿ ಆ್ಯಪ್‌ನ ಕಂಪನಿಗಳೂ ಕೊಡುತ್ತವೆ. ಕಂಪನಿಯ ಪೆಟ್ಟಿಗೆಯಲ್ಲಿ ದಿನದ ಜಮೆ ಸಾಮಾನ್ಯವಾಗಿ ಒಟ್ಟು ಗಂಟಾಗಿ ಖಾತೆಗೆ ಬೀಳುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದೇ ಸಾಲು, ವಿವರ ಬೇಕೆಂದರೆ ಅವರ ಆ್ಯಪ್‌ನಿಂದಲೇ ಇಳಿಸಿಕೊಳ್ಳಬೇಕು. ಆಡಿಟರ್ ಆರು ತಿಂಗಳ ನಂತರ ಕೇಳಿದಾಗ ಹುಡುಕುವುದು ಕಷ್ಟ. ಅದಕ್ಕಾಗಿ ಆಟದ ಮರುದಿನವೇ ವರದಿ ಇಳಿಸಿ, ಮುದ್ರಿಸಿ, ಆ ಪ್ರದರ್ಶನದ ವೋಚರುಗಳ ಜೊತೆ ಪಿನ್ ಮಾಡಿಡಿ. ಬ್ಯಾಂಕಿನ ಕ್ಯೂಆರ್ ಆದರೆ ಜಮೆ ಒಂದೊಂದಾಗಿ ಬೀಳುತ್ತದೆಯೋ ಗಂಟಾಗಿಯೋ ಎಂದು ಮೊದಲೇ ಕೇಳಿಕೊಳ್ಳಿ. ಒಂದೊಂದಾಗಿ ಎಂದರೆ ಕಣ್ಣುಮುಚ್ಚಿ ಅದನ್ನೇ ಆರಿಸಿ.

ಖರ್ಚಿನ ಮಾತು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ಕಮಿಷನ್ ಇಲ್ಲ. ಪೆಟ್ಟಿಗೆಗೆ ಮಾತ್ರ ತಿಂಗಳ ಬಾಡಿಗೆ. ಬಾಡಿಗೆ 125 ರೂಪಾಯಿ ಎಂದಿಟ್ಟುಕೊಳ್ಳಿ, ಶೇ. 18 ಜಿಎಸ್‌ಟಿ ಸೇರಿ 147.50 ಆಯಿತು, ವರ್ಷಕ್ಕೆ 1,770. ಅಂಗಡಿಯವನಿಗೆ ಇದು ದಿನಕ್ಕೆ ಐದು ರೂಪಾಯಿಯೊಳಗಿನ ಮಾತು. ವರ್ಷಕ್ಕೆ ನಾಲ್ಕು ಆಟ ಆಡಿಸುವ ಮಂಡಳಿಗೆ ಅದೇ ಪೆಟ್ಟಿಗೆ ಆಟಕ್ಕೆ 442 ರೂಪಾಯಿ ಚಿಲ್ಲರೆ ಬೀಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಗದ್ದೆ ಕೆಲಸ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಅಂತ ಆಟವೇ ಇರುವುದಿಲ್ಲ. ಆ ಐದು ತಿಂಗಳಿಗೆ 737.50 ಸುಮ್ಮನೆ ಕಡಿತ. ಬಾಡಿಗೆಯಿಲ್ಲದೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಪೆಟ್ಟಿಗೆ ಸಿಕ್ಕರೆ ನಮ್ಮ ಕಡೆಯ ಮಂಡಳಿಗಳಿಗೆ ಅದೇ ಲಾಯಕ್ಕು. ವಹಿವಾಟು ಇಲ್ಲದ ತಿಂಗಳಿಗೆ ಹೆಚ್ಚುವರಿ ಶುಲ್ಕ ಇದೆಯೇ ಎಂದು ಕರಾರಿನಲ್ಲಿ ಓದಿಕೊಳ್ಳಿ.

ಗೇಟಿನಲ್ಲಿ ಪೆಟ್ಟಿಗೆಯ ಕೆಲಸ ನಿಜಕ್ಕೂ ಚೆನ್ನಾಗಿದೆ. ಏಳೂವರೆಗೆ ಆಟ ಎಂದರೆ ಏಳು ಇಪ್ಪತ್ತಕ್ಕೆ ನೂರು ಜನ ಒಟ್ಟಿಗೆ ಬರುತ್ತಾರೆ. ಮೊಬೈಲ್ ಎತ್ತಿ ‘ಹೋಯ್ತು ನೋಡಿ’ ಎಂದು ತೋರಿಸುವ ಪರದೆಯನ್ನು ನಂಬುವಂತಿಲ್ಲ, ಹಳೇ ಸ್ಕ್ರೀನ್‌ಶಾಟ್ ಆಗಿರಬಹುದು, ನಕಲಿ ಆ್ಯಪ್ ಆಗಿರಬಹುದು. ಪೆಟ್ಟಿಗೆ ಕೂಗಿದ ಮೇಲೆ ಟಿಕೆಟ್ ಹರಿದುಕೊಟ್ಟರೆ ಯಾರನ್ನೂ ಅನುಮಾನಿಸುವ ಮುಜುಗರವಿಲ್ಲ. ಕನ್ನಡದಲ್ಲೇ ಕೂಗುತ್ತದೆ, ಗೇಟಿಗೆ ಕೂತ ಹಿರಿಯರಿಗೂ ತಿಳಿಯುತ್ತದೆ.

ತೊಂದರೆ ನೆಟ್‌ವರ್ಕಿನದ್ದು. ಪೆಟ್ಟಿಗೆಯೊಳಗೆ ಅದರದ್ದೇ ಸಿಮ್ ಇರುತ್ತದೆ. ಕಾರವಾರ, ಕುಮಟಾ ಪೇಟೆಯಲ್ಲಿ ಚಿಂತೆಯಿಲ್ಲ. ಘಟ್ಟದ ಮೇಲಿನ ಹಳ್ಳಿಯ ಶಾಲೆ ಅಂಗಳದಲ್ಲೋ ದೇವಸ್ಥಾನದ ಬಯಲಿನಲ್ಲೋ ಆಟವಿದ್ದರೆ, ಅಲ್ಲಿ ಯಾವ ಕಂಪನಿಯ ಸಿಗ್ನಲ್ ಇದೆ, ಪೆಟ್ಟಿಗೆಯ ಸಿಮ್ ಯಾವುದು ಎಂದು ಹಿಂದಿನ ದಿನವೇ ಹೋಗಿ ಒಂದು ರೂಪಾಯಿ ಹಾಕಿ ನೋಡಬೇಕು. ಸಿಗ್ನಲ್ ಇಲ್ಲವಾದರೆ ಹಣ ಖಾತೆಗೆ ಹೋಗಿರುತ್ತದೆ, ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಕೊಟ್ಟವರು ಗಾಬರಿಯಾಗಿ ಇನ್ನೊಮ್ಮೆ ಹಾಕುತ್ತಾರೆ. ಅಂಥ ಹೊತ್ತಿನಲ್ಲಿ ಅವರ ಮೊಬೈಲಿನ 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆಯನ್ನು ಟಿಕೆಟಿನ ಅರ್ಧಪ್ರತಿಯ ಹಿಂದೆ ಬರೆದುಕೊಂಡು ಒಳಗೆ ಬಿಡಿ. ಎರಡು ಸಲ ಬಿದ್ದಿದ್ದರೆ ಮರುದಿನ ಆ ಸಂಖ್ಯೆ ಹಿಡಿದೇ ವಾಪಸ್ ಕೊಡಬಹುದು.

ಇನ್ನೊಂದು ಮಾತು, ಆಟ ಪ್ರೀತಿಸುವವರಿಗೆ ಇದು ಸಣ್ಣ ವಿಷಯವಲ್ಲ. ಚಂಡೆ ನಿಂತು, ಬರೀ ಮದ್ದಳೆಯ ಮೇಲೆ ಭಾಗವತರು ವಿಳಂಬದಲ್ಲಿ ಕರುಣದ ಪದ್ಯ ಎತ್ತಿರುತ್ತಾರೆ, ವೇಷಧಾರಿ ತಲೆ ತಗ್ಗಿಸಿ ನಿಂತಿರುತ್ತಾರೆ. ತಡವಾಗಿ ಬಂದವರೊಬ್ಬರು ಕ್ಯೂಆರ್‌ಗೆ ಮೊಬೈಲ್ ಹಿಡಿಯುತ್ತಾರೆ. ‘ನೂರೈವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಪೆಟ್ಟಿಗೆ ಸಭೆಯ ಹಿಂದಿನ ಸಾಲಿನವರೆಗೆ ಕೂಗುತ್ತದೆ. ಆ ಪದ್ಯ ಮತ್ತೆ ಕೂಡುವುದಿಲ್ಲ. ಬಾಗಿಲು ಹಾಕಿದ ಕೂಡಲೇ ಪೆಟ್ಟಿಗೆ ಬಂದ್ ಮಾಡಿ, ನಂತರದ ಜಮೆಯನ್ನು ಗೇಟಿನವರ ಮೊಬೈಲಿನ ಆ್ಯಪ್‌ನಲ್ಲೇ ನೋಡಿಕೊಳ್ಳಿ. ಸದ್ದು ತಗ್ಗಿಸಿದರೆ ಸಾಲದು.

ಈಗ ದೇಣಿಗೆ. ಟಿಕೆಟ್ ಹಣ ದೇಣಿಗೆಯಲ್ಲ, ಅದಕ್ಕೆ 80ಜಿ ರಸೀದಿ (ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ರಸೀದಿ) ಕೊಡುವಂತಿಲ್ಲ. ನಾಟಕ, ಯಕ್ಷಗಾನದ ಪ್ರವೇಶ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿಯೂ ಇಲ್ಲ. ದೇಣಿಗೆಯ ದಾರಿ ಬೇರೆ. ದಾನಿಯ ಹೆಸರು, ವಿಳಾಸ, ಪ್ಯಾನ್ ಬೇಕು. ನಗದು 2,000 ರೂಪಾಯಿ ದಾಟಿದರೆ ದಾನಿಗೆ 80ಜಿ ವಿನಾಯಿತಿ ಸಿಗುವುದಿಲ್ಲ. ವರ್ಷದ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 200 ರೂಪಾಯಿ ದಂಡ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ, ಆದರೂ ಎಲ್ಲರ ಬಾಯಲ್ಲಿರುವುದು ಈ ಹಳೇ ಹೆಸರುಗಳೇ. ಹೆಸರು ವಿಳಾಸದ ದಾಖಲೆಯಿಲ್ಲದ ದೇಣಿಗೆ ಮಿತಿ ಮೀರಿದರೆ ಶೇ. 30 ತೆರಿಗೆ.

ಗೇಟಿನ ಅದೇ ಕ್ಯೂಆರ್‌ಗೆ ಅಭಿಮಾನಿಯೊಬ್ಬರು 5,001 ಹಾಕಿ ಒಳಗೆ ಹೋದರೆ ಇಷ್ಟರಲ್ಲಿ ಯಾವುದೂ ನಮ್ಮ ಕೈಗೆ ಬರುವುದಿಲ್ಲ. ವರದಿಯಲ್ಲಿ ಒಂದು ಯುಪಿಐ ಐಡಿ, ಅರ್ಧ ಮುಚ್ಚಿದ ಹೆಸರು ಅಷ್ಟೇ. ಆದ್ದರಿಂದ ಎರಡು ಕ್ಯೂಆರ್ ಮಾಡಿಸಿ. ಒಂದು ಗೇಟಿನಲ್ಲಿ, ಪೆಟ್ಟಿಗೆಯ ಜೊತೆ, ‘ಟಿಕೆಟ್ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದದ್ದು. ಇನ್ನೊಂದು ಒಳಗಿನ ದೇಣಿಗೆ ಮೇಜಿನಲ್ಲಿ, ಪೆಟ್ಟಿಗೆಯಿಲ್ಲದೆ, ರಸೀದಿ ಪುಸ್ತಕದ ಪಕ್ಕ. ಹೆಸರು, ಪ್ಯಾನ್ ಬರೆದಾದ ಮೇಲೆ ಕ್ಯೂಆರ್ ತೋರಿಸುವ ಕ್ರಮ ಇಟ್ಟುಕೊಳ್ಳಿ. ಮೊದಲು ಹಣ ಹಾಕಿಸಿಕೊಂಡರೆ ಪ್ಯಾನ್ ಆಮೇಲೆ ವಾಟ್ಸಾಪ್ ಮಾಡುತ್ತೇನೆ ಎಂದವರ ಹಿಂದೆ ಮೇ ತಿಂಗಳವರೆಗೆ ಅಲೆಯಬೇಕು.

ರಾತ್ರಿಯ ಲೆಕ್ಕವನ್ನು ಚೌಕಿ (ಬಣ್ಣದ ಮನೆ) ಖಾಲಿಯಾಗುವುದರೊಳಗೆ ಮುಗಿಸಿ. ಉದಾಹರಣೆಗೆ, ಟಿಕೆಟ್ 001ರಿಂದ 212, ತಲಾ 150, ಒಟ್ಟು 31,800. ನಗದು 63 ಟಿಕೆಟಿನ 9,450, ಯುಪಿಐ 149 ಟಿಕೆಟಿನ 22,350. ಕೂಡದಿದ್ದರೆ ಮೊದಲು ನೋಡಬೇಕಾದ್ದು ಅರ್ಧ ನಗದು ಅರ್ಧ ಯುಪಿಐ ಕೊಟ್ಟ ಕುಟುಂಬಗಳನ್ನು. ಆಟ ಹನ್ನೆರಡು ದಾಟಿದರೆ ಆಮೇಲಿನ ಜಮೆ ಮರುದಿನದ ತಾರೀಖಿಗೆ ಹೋಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಟಿಕೆಟಿಗೆ ಐದಕ್ಕೆ ನಾಲ್ಕು ಅಂಕ, ದೇಣಿಗೆಗೆ ಒಂದು. ಮಳೆಗಾಲದಲ್ಲಿ ಕರಾವಳಿಯ ತೇವಕ್ಕೆ ಚಾರ್ಜಿಂಗ್ ಪಿನ್ ಕಿಲುಬು ಹಿಡಿಯುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬೇಡವೆಂದು ಹಿಂದಿರುಗಿಸುವುದಾದರೆ ಏಜೆಂಟಿನ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಪೆಟ್ಟಿಗೆಯ ಕ್ರಮಸಂಖ್ಯೆ ಬರೆದ ಸ್ವೀಕೃತಿ ಪಡೆದು, ಖಾತೆಯಿಂದ ಬಾಡಿಗೆ ಕಡಿತದ ಆಟೋಪೇ ಅನುಮತಿಯನ್ನು ಬ್ಯಾಂಕಿನಲ್ಲಿ ರದ್ದು ಮಾಡಿಸಿ.