ಹಣ ಕೊಟ್ಟ ದುರಸ್ತಿ ತಂತ್ರಾಂಶ ಮತ್ತು ನಾಲ್ಕು ಉಚಿತ ಸಾಧನಗಳು: ಐದು ವಾರಗಳ ಬಳಕೆಯ ವಿಮರ್ಶೆ

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ ಹತ್ತಿರವಿರುವುದರಿಂದ ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ಪಿಎಚ್.ಡಿ. ಮಹಾಪ್ರಬಂಧಗಳ ಬೆರಳಚ್ಚು ಮತ್ತು ಪುಟವಿನ್ಯಾಸ. ಕಳೆದ ಬೇಸಿಗೆಯಲ್ಲಿ ಅಂಗಡಿಯ ಮುಖ್ಯ ಕಂಪ್ಯೂಟರಿಗೆ ಹಿಡಿದ ತೊಂದರೆ ಬಿಡಲು ಐದು ವಾರ ಬೇಕಾಯಿತು. ಆ ಐದು ವಾರಗಳಲ್ಲಿ ಹಣ ಕೊಟ್ಟು ಕೊಂಡ ಒಂದು ದುರಸ್ತಿ ತಂತ್ರಾಂಶವನ್ನೂ, ಉಚಿತವಾಗಿ ಸಿಗುವ ನಾಲ್ಕು ಸಾಧನಗಳನ್ನೂ ಒಂದರ ನಂತರ ಒಂದರಂತೆ ಬಳಸಿದೆ. ಯಾವುದು ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ನನ್ನಂತೆಯೇ ಕಂಪ್ಯೂಟರ್ ನಂಬಿ ಹೊಟ್ಟೆ ಹೊರೆಯುವವರಿಗಾಗಿ ಬರೆಯುತ್ತಿದ್ದೇನೆ.

ತೊಂದರೆಯ ಲಕ್ಷಣಗಳು ಮೂರು. ಸ್ಟಾರ್ಟ್ ಗುಂಡಿಯನ್ನು ಒತ್ತಿದರೆ ಕೆಲವೊಮ್ಮೆ ಏನೂ ತೆರೆಯುತ್ತಿರಲಿಲ್ಲ. ವಿಂಡೋಸ್ ಅಪ್‌ಡೇಟ್ ಪ್ರತಿ ಬಾರಿಯೂ 80073712 ಎಂದು ಕೊನೆಯಾಗುವ ದೋಷಸಂಖ್ಯೆಯನ್ನು ತೋರಿಸಿ ನಿಲ್ಲುತ್ತಿತ್ತು. ಎರಡು ಮೂರು ದಿನಗಳಿಗೊಮ್ಮೆ, ವಿಂಡೋಸ್ ಕುಸಿದು ನಿಂತಾಗ ಕಾಣುವ ನೀಲಿ ಪರದೆ ಬರುತ್ತಿತ್ತು; ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಎಂದು, ಇನ್ನೊಮ್ಮೆ ಪೇಜ್ ಫಾಲ್ಟ್ ಎಂದು, ಮತ್ತೊಮ್ಮೆ ಬೇರೇನನ್ನೋ ಹೇಳುತ್ತಿತ್ತು. ಕಾರಣ ಹೀಗೆ ಸಲಕ್ಕೊಂದು ಬಗೆಯಲ್ಲಿ ಬದಲಾಗುವುದೇ ದೊಡ್ಡ ಸುಳಿವು ಎಂಬುದು ಆಗ ನನಗೆ ಹೊಳೆಯಲಿಲ್ಲ. ಭರಣಿ ಮಳೆಯ ಗುಡುಗಿಗೆ ವಿದ್ಯುತ್ ಹೋಗಿ ಬಂದು ಮಾಡುತ್ತಿದ್ದ ದಿನಗಳವು, ಯುಪಿಎಸ್‌ನ ಬ್ಯಾಟರಿಯೂ ಹಳೆಯದಾಗಿತ್ತು. ಯಂತ್ರ ಇದ್ದಕ್ಕಿದ್ದಂತೆ ಆರಿಹೋಗಿ ವಿಂಡೋಸ್‌ನ ಕಡತಗಳು ಕೆಟ್ಟಿವೆಯೆಂದೇ ತೀರ್ಮಾನಿಸಿಬಿಟ್ಟೆ.

ಅವಸರದಲ್ಲಿ ಅಂತರ್ಜಾಲದಲ್ಲಿ ಮೊದಲು ಕಂಡ ಒಂದು ದುರಸ್ತಿ ತಂತ್ರಾಂಶವನ್ನು ಇಳಿಸಿಕೊಂಡೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅದೇ ಜಾಡಿನ ತಂತ್ರಾಂಶಗಳು ಹಲವಾರಿವೆ ಮತ್ತು ನನ್ನ ಮಾತು ಆ ಜಾಡಿಗೇ ಅನ್ವಯಿಸುತ್ತದೆ. ಪರೀಕ್ಷೆ ಉಚಿತ, ದುರಸ್ತಿಗೆ ಮಾತ್ರ ಹಣ. ಕೆಲವೇ ನಿಮಿಷಗಳಲ್ಲಿ ಅದು ಸಾವಿರಕ್ಕೂ ಮೇಲ್ಪಟ್ಟ ದೋಷಗಳನ್ನು ಕೆಂಪು ಬಣ್ಣದಲ್ಲಿ ಲೆಕ್ಕ ಹಾಕಿ ತೋರಿಸಿತು. ಹೆದರಿ ಒಂದು ವರ್ಷದ ಶುಲ್ಕ ಕಟ್ಟಿದೆ. ಎಲ್ಲವನ್ನೂ ಸರಿಪಡಿಸಲಾಗಿದೆ ಎಂಬ ಹಸಿರು ಗುರುತು ಬಂತು, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ, ಅಪ್‌ಡೇಟ್ ಅದೇ ಸಂಖ್ಯೆಯನ್ನು ತೋರಿಸಿ ನಿಂತಿತು.

ಅದಕ್ಕಿಂತ ದೊಡ್ಡ ಆಘಾತ ಮರುದಿನ ಬೆಳಿಗ್ಗೆ ಕಾದಿತ್ತು. ತಮ್ಮ ಮಹಾಪ್ರಬಂಧದ ಮೂರನೆಯ ಅಧ್ಯಾಯದ ತಿದ್ದುಪಡಿಗೆಂದು ಬಂದಿದ್ದ ಸಂಶೋಧನಾರ್ಥಿಯೊಬ್ಬರು ಪರದೆಯನ್ನು ನೋಡಿ, "ಸಾರ್, ನನ್ನ ಕನ್ನಡವೆಲ್ಲ ಎಲ್ಲಿ ಹೋಯಿತು?" ಎಂದು ಗಾಬರಿಯಾದರು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಹರಡಿಕೊಂಡಿದ್ದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಆಸ್ಕಿ ಫಾಂಟ್‌ಗಳನ್ನು ಬಳಸಿದವರಿಗೆ ಈ ದೃಶ್ಯ ಪರಿಚಿತ. ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕುಳಿತಿರುತ್ತವೆ. ಫಾಂಟ್ ಇಲ್ಲವಾದರೆ ಕೆಳಗಿರುವ ಇಂಗ್ಲಿಷ್ ಹಾಗೆಯೇ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಬರೆದ ಕಡತಕ್ಕೆ, ಅದರಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವುದರಿಂದ, ಈ ಗತಿ ಬರುವುದಿಲ್ಲ, ಆದರೆ ಹತ್ತು ವರ್ಷ ಹಿಂದಿನಿಂದ ಕೂಡಿಟ್ಟುಕೊಂಡ ಟಿಪ್ಪಣಿಗಳನ್ನು ತರುವವರ ಕಡತಗಳು ಇಂದಿಗೂ ನುಡಿಯಲ್ಲೇ ಇರುತ್ತವೆ. ಫಾಂಟ್ ಕಡತಗಳು ವಿಂಡೋಸ್‌ನ ಫೋಲ್ಡರಿನಲ್ಲಿ ಇದ್ದೇ ಇದ್ದವು. ಅವುಗಳನ್ನು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ, ದಾಖಲಿಸಿದ್ದ ಸಾಲುಗಳನ್ನು ಮಾತ್ರ ಆ ತಂತ್ರಾಂಶ ಕಸವೆಂದು ತಿಳಿದು ಗುಡಿಸಿಹಾಕಿತ್ತು. ನುಡಿಯನ್ನು ಮತ್ತೆ ಅನುಸ್ಥಾಪಿಸಿದ ಮೇಲೆ ಕನ್ನಡ ಮರಳಿತು.

ಈ ಬಗೆಯ ತಂತ್ರಾಂಶದ ಮೇಲೆ ನನ್ನ ಮುಖ್ಯ ಆಕ್ಷೇಪ ಅದು ತಪ್ಪು ಮಾಡಿತೆಂಬುದಲ್ಲ, ಏನು ಮಾಡಿತೆಂದು ಹೇಳಲಿಲ್ಲ ಎಂಬುದು. ಯಾವ ಸಾಲನ್ನು ಅಳಿಸಿತು, ಏಕೆ ಅಳಿಸಿತು ಎಂಬ ವಿವರ ಎಲ್ಲಿಯೂ ಇರಲಿಲ್ಲ. ಇದ್ದದ್ದು ಬರೀ ಒಟ್ಟು ಸಂಖ್ಯೆ. ರಿಜಿಸ್ಟ್ರಿಯಲ್ಲಿ ಉಳಿದುಹೋದ ಹಳೆಯ ನಮೂದುಗಳು ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ, ಅವುಗಳನ್ನು ತೆಗೆದರೆ ಯಂತ್ರ ಚುರುಕಾಗುವುದೂ ಇಲ್ಲ. ರಿಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿದೆ. ಇದನ್ನು ಹಣ ಕಟ್ಟುವ ಮೊದಲು ಓದಿಕೊಳ್ಳಬೇಕಿತ್ತು.

ಇನ್ನು ವಿಂಡೋಸ್‌ನೊಳಗೇ ಇರುವ ಎರಡು ಸಾಧನಗಳ ವಿಷಯ. ಸಿಸ್ಟಮ್ ಫೈಲ್ ಚೆಕರ್, ಅಂದರೆ ಎಲ್ಲರೂ ಎಸ್‌ಎಫ್‌ಸಿ ಎನ್ನುವ ಸಾಧನ, ವಿಂಡೋಸ್ 98ರ ಕಾಲದಿಂದಲೂ ಇದೆ. ಆದೇಶಗಳನ್ನು ಬೆರಳಚ್ಚಿಸುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆದೇಶ ಕೊಟ್ಟರೆ ಅದು ವ್ಯವಸ್ಥೆಯ ಕಡತಗಳನ್ನು ಒಂದೊಂದಾಗಿ ತಪಾಸಿಸಿ, ಕೆಟ್ಟವುಗಳ ಜಾಗದಲ್ಲಿ ಒಳ್ಳೆಯ ಪ್ರತಿಯನ್ನು ಇಡುತ್ತದೆ. ಆ ಒಳ್ಳೆಯ ಪ್ರತಿಗಳ ಉಗ್ರಾಣವೊಂದು ವಿಂಡೋಸ್‌ನಲ್ಲಿದೆ; ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್ ಅದು. ನನ್ನ ಯಂತ್ರದಲ್ಲಿ ಕೆಟ್ಟಿದ್ದದ್ದು ಆ ಉಗ್ರಾಣವೇ. ಅಪ್‌ಡೇಟ್ ತೋರಿಸುತ್ತಿದ್ದ ಸಂಖ್ಯೆಯ ಅರ್ಥವೂ ಅದೇ ಆಗಿತ್ತು. ಹಾಗಾಗಿ ಎಸ್‌ಎಫ್‌ಸಿ ಕೆಟ್ಟ ಕಡತಗಳನ್ನು ಕಂಡುಹಿಡಿಯಿತು, ಕೆಲವನ್ನು ಸರಿಪಡಿಸಲಾಗಲಿಲ್ಲವೆಂದು ನೇರವಾಗಿ ಹೇಳಿತು, ಯಾವ ಯಾವ ಕಡತ ಎಂಬುದನ್ನು ಸಿಬಿಎಸ್ ಎಂಬ ಲಾಗ್ ಕಡತದಲ್ಲಿ ಬರೆದಿಟ್ಟಿತು. ಆ ಲಾಗ್ ಓದಲು ಸುಲಭವಲ್ಲ, ಉದ್ದವಾದದ್ದು, ಇಂಗ್ಲಿಷಿನಲ್ಲಿದೆ. ಆದರೂ ಕೆಟ್ಟದ್ದರ ಹೆಸರು ಅಲ್ಲಿ ಇರುತ್ತದೆ, ಮತ್ತು ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಉಗ್ರಾಣವನ್ನೇ ಸರಿಪಡಿಸುವ ಸಾಧನ ಡಿಸ್ಮ್. ಅದರ ರಿಸ್ಟೋರ್‌ಹೆಲ್ತ್ ಎಂಬ ಆದೇಶ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಜಾಲದಿಂದ ಒಳ್ಳೆಯ ಕಡತಗಳನ್ನು ತರಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಡಿಸ್ಮ್, ಆಮೇಲೆ ಎಸ್‌ಎಫ್‌ಸಿ ಎಂಬುದು ಸರಿಯಾದ ಕ್ರಮ. ನಾನು ತಿರುಗುಮುರುಗಾಗಿ ಮಾಡಿದ್ದೆ. ನನ್ನ ಯಂತ್ರದಲ್ಲಿ ಡಿಸ್ಮ್ 62.3 ಪ್ರತಿಶತಕ್ಕೆ ಬಂದು ಬಹಳ ಹೊತ್ತು ಅಲ್ಲಾಡದೆ ನಿಂತಿತು. ಅದು ಹಾಗೆ ನಿಲ್ಲುವುದು ಸಾಮಾನ್ಯ, ಕಿಟಕಿಯನ್ನು ಮುಚ್ಚಬಾರದು. ಕೊನೆಗೆ ಬೇಕಾದ ಮೂಲ ಕಡತಗಳು ಸಿಗಲಿಲ್ಲವೆಂದಿತು. ಆಗ ವಿಂಡೋಸ್ 11ರ ಐಎಸ್ಒ ಕಡತವನ್ನು, ಅಂದರೆ ಇಡೀ ಅನುಸ್ಥಾಪನಾ ಡಿಸ್ಕಿನ ಪ್ರತಿಯಿರುವ ಒಂದೇ ಕಡತವನ್ನು, ಇಳಿಸಿಕೊಂಡು, ಅದರ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ತೆರೆದು, ಅದರೊಳಗಿನ ಇನ್‌ಸ್ಟಾಲ್ ಕಡತವನ್ನೇ ಮೂಲವೆಂದು ಆದೇಶದಲ್ಲಿ ಸೂಚಿಸಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಒಂದೇ ಐಎಸ್ಒ ಒಳಗೆ ಹೋಮ್, ಪ್ರೊ ಮುಂತಾದ ಹಲವು ಆವೃತ್ತಿಗಳು ಕ್ರಮಸಂಖ್ಯೆಯೊಂದಿಗೆ ಇರುತ್ತವೆ, ನಮ್ಮ ಯಂತ್ರದ ಆವೃತ್ತಿಯ ಸಂಖ್ಯೆಯನ್ನೇ ಕೊಡಬೇಕು. ಮೊದಲು ತಪ್ಪು ಸಂಖ್ಯೆ ಕೊಟ್ಟು ಒಂದು ಮಧ್ಯಾಹ್ನ ಕಳೆದುಕೊಂಡೆ. ಸರಿಯಾದ ಸಂಖ್ಯೆ ಕೊಟ್ಟ ಮೇಲೆ ಡಿಸ್ಮ್ ನೂರಕ್ಕೆ ಮುಟ್ಟಿತು, ಎಸ್‌ಎಫ್‌ಸಿ ಉಳಿದದ್ದನ್ನು ಸರಿಪಡಿಸಿತು, ಅಲ್ಲಿಯವರೆಗೆ ನಿಂತಿದ್ದ ಅಪ್‌ಡೇಟ್ ಸಾಗಿತು.

ಒಂಬತ್ತು ದಿನ ಯಂತ್ರ ಚೆನ್ನಾಗಿ ನಡೆಯಿತು. ಹತ್ತನೆಯ ದಿನ ಮತ್ತೆ ನೀಲಿ ಪರದೆ ಬಂತು. ಎಸ್‌ಎಫ್‌ಸಿ ಓಡಿಸಿದರೆ ಹೊಸದಾಗಿ ಕೆಟ್ಟ ಕಡತಗಳು ಸಿಕ್ಕವು. ಸರಿಪಡಿಸಿದ್ದು ಮತ್ತೆ ಕೆಡುತ್ತಿದೆ ಎಂದರೆ ಕೆಡಿಸುವುದು ಬೇರೆ ಏನೋ ಇದೆ ಎಂದೇ ಅರ್ಥ. ಡಿಸ್ಕ್ ಮೇಲೆ ಸಂಶಯ ಬಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಗಳನ್ನು ಓದಿ ಒಂದೇ ಪರದೆಯಲ್ಲಿ ತೋರಿಸುವ ಈ ಪುಟ್ಟ ತಂತ್ರಾಂಶ ಅಚ್ಚುಕಟ್ಟಾಗಿದೆ. ಸ್ಥಿತಿ ಚೆನ್ನಾಗಿದ್ದರೆ ನೀಲಿ, ಎಚ್ಚರಿಕೆ ಬೇಕಿದ್ದರೆ ಹಳದಿ. ನನ್ನದು ನೀಲಿಯಾಗಿತ್ತು. ಹಳದಿ ಬಂದವರು ದುರಸ್ತಿಗೆ ಕೈಹಾಕುವ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು, ಏಕೆಂದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್‌ನಂಥ ದೀರ್ಘ ತಪಾಸಣೆ ನಡೆಸಿದರೆ ಇರುವುದೂ ಹೋಗಬಹುದು.

ಪಕ್ಕದ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಬಂದು, "ಅಣ್ಣ, ರ‍್ಯಾಮ್ ಒಂದ್ಸಲ ತೆಗೆದು ಹಾಕೋಣ" ಎಂದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನ ಎರಡು ಪಟ್ಟಿಗಳನ್ನೂ ಕಿತ್ತು, ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಎಷ್ಟೋ ಯಂತ್ರಗಳು ಇಷ್ಟರಿಂದಲೇ ಎದ್ದು ಕೂರುತ್ತವೆ, ನನ್ನದು ಏಳಲಿಲ್ಲ. ಆದರೆ ಅವನ ಊಹೆಯ ದಿಕ್ಕು ಸರಿಯಾಗಿತ್ತು. ಅವನೇ ಹೇಳಿದಂತೆ, ರ‍್ಯಾಮ್ ಪರೀಕ್ಷಿಸುವ ಸಾಧನವಾದ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಏಳುವ ಮೊದಲೇ ಅದರಿಂದ ಯಂತ್ರವನ್ನು ಚಾಲೂ ಮಾಡಿ, ಅಂಗಡಿ ಮುಚ್ಚಿ ಮನೆಗೆ ಹೋದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷೆ ನಡೆಸುತ್ತದೆ, ಅಷ್ಟು ಸಾಕು. ಬೆಳಿಗ್ಗೆ ಬಂದಾಗ ಪರದೆಯ ಮೇಲೆ ಕೆಂಪು ಸಾಲುಗಳಿದ್ದವು. ಒಂದೊಂದು ಪಟ್ಟಿಯನ್ನೇ ಇಟ್ಟು ಮತ್ತೆರಡು ರಾತ್ರಿ ಪರೀಕ್ಷಿಸಿದಾಗ ದೋಷವಿದ್ದ ಪಟ್ಟಿ ಗೊತ್ತಾಯಿತು.

ಇಷ್ಟು ದಿನ ಡಿಸ್ಮ್ ತಂದ ಒಳ್ಳೆಯ ಕಡತವೂ ಆ ಕೆಟ್ಟ ರ‍್ಯಾಮ್‌ನ ಮೂಲಕವೇ ಹಾದು ಡಿಸ್ಕಿಗೆ ಇಳಿಯುತ್ತಿತ್ತು. ಯಾವ ದುರಸ್ತಿ ತಂತ್ರಾಂಶವೂ ಇದನ್ನು ಮೀರಲಾರದು. ಇನ್ನೂ ಚಿಂತೆ ಹುಟ್ಟಿಸಿದ ಮಾತೆಂದರೆ, ಆ ಐದು ವಾರಗಳಲ್ಲಿ ಉಳಿಸಿದ ಮಹಾಪ್ರಬಂಧದ ಪುಟಗಳೂ ಅದೇ ದಾರಿಯಲ್ಲಿ ಹೋಗಿದ್ದವು. ಸಂಶೋಧನಾರ್ಥಿಯೂ ನಾನೂ ಕುಳಿತು ಮುದ್ರಿತ ಕರಡನ್ನು ಪರದೆಯೊಂದಿಗೆ ಸಾಲುಸಾಲಾಗಿ ಹೋಲಿಸಿದೆವು. ಅಡಿಟಿಪ್ಪಣಿಯೊಂದನ್ನು ಬಿಟ್ಟರೆ ಎಲ್ಲವೂ ಸರಿಯಾಗಿತ್ತು.

ಹೊಸ ಪಟ್ಟಿ ಹಾಕಿದ ಮೇಲೆ ಡಿಸ್ಮ್ ಮತ್ತು ಎಸ್‌ಎಫ್‌ಸಿಯನ್ನು ಇನ್ನೊಮ್ಮೆ ಓಡಿಸಿದೆ, ಆಮೇಲೆ ನೀಲಿ ಪರದೆ ಕಂಡಿಲ್ಲ. ಇವೂ ಸೋತಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಪುಟದಿಂದಲೇ, ನಮ್ಮ ಕಡತ ಮತ್ತು ತಂತ್ರಾಂಶಗಳನ್ನು ಉಳಿಸಿಕೊಂಡು ವಿಂಡೋಸನ್ನು ಮರುಅನುಸ್ಥಾಪಿಸುವ ಸೌಲಭ್ಯವಿತ್ತು. ನನಗೆ ಅದರ ಅಗತ್ಯ ಬೀಳಲಿಲ್ಲ.

ನಾಲ್ಕು ಉಚಿತ ಸಾಧನಗಳಲ್ಲಿ ಮೆಮ್‌ಟೆಸ್ಟ್86ಕ್ಕೆ ಮೊದಲ ಸ್ಥಾನ ಕೊಡುತ್ತೇನೆ, ಅದು ಏನನ್ನೂ ಸರಿಪಡಿಸದಿದ್ದರೂ. ಆ ಪೆನ್‌ಡ್ರೈವ್‌ಗೆ ಚೀಟಿ ಅಂಟಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ಕಳೆದ ವಾರ ರಿಪೇರಿಯ ಹುಡುಗನೇ ಬಂದು ಅದನ್ನು ಎರವಲು ಪಡೆದ. ಅವನ ಬಳಿಗೆ ಬಂದಿದ್ದ ಲ್ಯಾಪ್‌ಟಾಪೊಂದರಲ್ಲಿ ದಿನಕ್ಕೊಂದು ಬಗೆಯ ನೀಲಿ ಪರದೆ ಬರುತ್ತಿತ್ತಂತೆ.